ಶಾಲೆ ಗೋಡೆ ಮೇಲೆ ಮಂಗಳ ಗ್ರಹ: ಆಕಾಶಕ್ಕೆ ಯಾವ ಬಣ್ಣ ಹಚ್ಚೋಣ?

ಡ್ರಾಯಿಂಗ್ ಮಾಸ್ತರ, ಕೊಪ್ಪಳ

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ತಾಲೂಕಿನ ಒಂದು ಹಳ್ಳಿ ಹೈಸ್ಕೂಲಿನಲ್ಲಿ ಚಿತ್ರಕಲೆ ಹೇಳಿಕೊಡುತ್ತೇನೆ. ನಮ್ಮ ಕಾಂಪೌಂಡ್ ಗೋಡೆ 40 ಅಡಿ ಉದ್ದ, 6 ಅಡಿ ಎತ್ತರ ಇದೆ. ಒಳಗಡೆ ಸುಣ್ಣ ಹೊಡೆಸಿ ಖಾಲಿ ಬಿಟ್ಟಿದ್ದೇವೆ. ಒಂಬತ್ತನೇ ಕ್ಲಾಸಿನ ಮಕ್ಕಳು ಅಲ್ಲಿ ಚಂದ್ರ, ಮಂಗಳ, ಶನಿಯ ಉಪಗ್ರಹ ಟೈಟನ್ ಬರೆಯುತ್ತೇವೆ ಎಂದು ಹಟ ಹಿಡಿದಿದ್ದಾರೆ. ಪುಸ್ತಕದಲ್ಲಿ ಇರುವ ಹಾಗೆ ಚೆಂಡುಗಳನ್ನು ಸಾಲಾಗಿ ಜೋಡಿಸುವುದಲ್ಲ. ಅಲ್ಲಿ ಹೋಗಿ ನಿಂತರೆ ಏನು ಕಾಣುತ್ತದೋ ಅದನ್ನು ಬರೆಯಬೇಕಂತೆ. ಜೊತೆಗೆ ಅಲ್ಲಿಗೆ ಹೋದ ಯಂತ್ರಗಳೂ ಬೇಕು.

ಮೊದಲನೇ ದಿನವೇ ಒಬ್ಬ ಹುಡುಗ ಕೇಳಿದ, "ಸರ್, ಮಂಗಳದ ಆಕಾಶ ಯಾವ ಬಣ್ಣ?" ನಾನು ಕೆಂಪು ಎಂದೆ. ಇನ್ನೊಬ್ಬಳು, "ಇಲ್ಲ ಸರ್, ಮೊಬೈಲಿನಲ್ಲಿ ನೀಲಿ ನೋಡಿದ್ದೇನೆ" ಎಂದಳು. ಇಬ್ಬರಿಗೂ ಸರಿಯಾದ ಉತ್ತರ ಕೊಡಲು ಆಗಲಿಲ್ಲ. ಹತ್ತು ವರ್ಷದ ಹಿಂದೆ ಬೇರೆ ಊರಲ್ಲಿ ಚಂದ್ರನ ಗೋಡೆ ಬರೆಸಿದ್ದೆ. ಚೂಪು ಚೂಪು ಬೆಟ್ಟ, ಆಕಾಶದ ತುಂಬ ನಕ್ಷತ್ರ, ಹಿಂದೆ ನಸುನೀಲಿ ಮಂಜು. ಅದರಲ್ಲಿ ಬಹಳಷ್ಟು ತಪ್ಪು ಎಂದು ಆಮೇಲೆ ಓದಿ ತಿಳಿದುಕೊಂಡೆ. ಆ ಗೋಡೆ ಇನ್ನೂ ಹಾಗೇ ಇದೆ. ಬಸ್ಸಿನಲ್ಲಿ ಹೋಗುವಾಗ ಕಾಣುತ್ತದೆ, ಮನಸ್ಸಿಗೆ ಕಷ್ಟವಾಗುತ್ತದೆ. ಈ ಸಲ ಹಾಗಾಗಬಾರದು. ತಿಳಿದವರು ದಯವಿಟ್ಟು ಹೇಳಿ.

ಬಳ್ಳಾರಿ ಎಂಎಸ್ಸಿ

ಸರ್, ನಿಮ್ಮ ಹುಡುಗಿ ಹೇಳಿದ್ದರಲ್ಲೂ ಅರ್ಧ ಸತ್ಯ ಇದೆ. ಇದೇ ಗೊಂದಲ ನಾಸಾದವರಿಗೂ ಆಗಿತ್ತು. 1976ರ ಜುಲೈ 20ರಂದು ವೈಕಿಂಗ್ 1 ಮಂಗಳದ ನೆಲದ ಮೇಲೆ ಇಳಿಯಿತು. ಮರುದಿನ ಮೊದಲ ಬಣ್ಣದ ಚಿತ್ರ ಬಂತು. ಅವಸರದಲ್ಲಿ ತಯಾರಿಸಿ ತೋರಿಸಿದ ಆ ಚಿತ್ರದಲ್ಲಿ ಆಕಾಶ ನಮ್ಮ ಊರಿನ ಹಾಗೆ ನೀಲಿ ಇತ್ತು. ಆದರೆ ಆ ಯಂತ್ರದ ಮೈಮೇಲೆ ಬಣ್ಣದ ಪಟ್ಟಿಗಳನ್ನು ಹಚ್ಚಿ ಕಳಿಸಿದ್ದರು. ಆ ಪಟ್ಟಿಯ ಬಣ್ಣ ಭೂಮಿಯಲ್ಲಿ ಹೇಗಿತ್ತು ಎಂದು ಗೊತ್ತಲ್ವಾ? ಅದಕ್ಕೆ ಹೊಂದಿಸಿ ಚಿತ್ರವನ್ನು ಸರಿಪಡಿಸಿದಾಗ ಆಕಾಶ ನಸುಗೆಂಪಾಯಿತು.

ಈಗ ನಮಗೆ ಗೊತ್ತಿರುವುದು ಇಷ್ಟು. ಹಗಲಲ್ಲಿ ಮಂಗಳದ ಆಕಾಶ ಹಳದಿ ಬೆರೆತ ಕಂದು, ಬೆಲ್ಲದ ಪಾನಕಕ್ಕೆ ಸ್ವಲ್ಪ ಹಾಲು ಹಾಕಿದ ಹಾಗೆ. ಅಲ್ಲಿನ ಗಾಳಿಯ ಒತ್ತಡ ನಮ್ಮದರ ನೂರರಲ್ಲಿ ಒಂದು ಪಾಲೂ ಇಲ್ಲ, ಆದರೂ ಅದರಲ್ಲಿ ತೇಲುವ ನುಣುಪು ಧೂಳು ಬಣ್ಣವನ್ನೇ ಬದಲಿಸುತ್ತದೆ. ಸೂರ್ಯ ಮುಳುಗುವಾಗ ಮಾತ್ರ ಸೂರ್ಯನ ಸುತ್ತಲೂ ನೀಲಿ ಬೆಳಕು ಹರಡುತ್ತದೆ. ಕ್ಯೂರಿಯಾಸಿಟಿ ರೋವರ್ 2015ರಲ್ಲಿ ಅಂಥ ಸೂರ್ಯಾಸ್ತವನ್ನು ಬಣ್ಣದಲ್ಲಿ ತೆಗೆದಿದೆ. ನಿಮ್ಮ ಹುಡುಗಿ ನೋಡಿದ್ದು ಅದೇ ಇರಬೇಕು. ನಮ್ಮಲ್ಲಿ ಹಗಲು ನೀಲಿ, ಸಂಜೆ ಕೆಂಪು. ಅಲ್ಲಿ ಸುಮಾರಾಗಿ ಅದರ ಉಲ್ಟಾ.

ಸಂಡೂರು ಕಡೆಯವ

ಮಾಸ್ತರೇ, ನಾನು ಗಣಿ ರಸ್ತೆಯಲ್ಲಿ ಇಪ್ಪತ್ತು ವರ್ಷ ಲಾರಿ ಓಡಿಸಿದವನು, ಈಗ ಬಿಟ್ಟಿದ್ದೇನೆ. ಗ್ರಹಗಳ ಬಗ್ಗೆ ನನಗೆ ಜಾಸ್ತಿ ಗೊತ್ತಿಲ್ಲ, ಅದಿರು ಗೊತ್ತು. ಮಂಗಳ ಕೆಂಪಾಗಿರುವುದು ಕಬ್ಬಿಣದ ತುಕ್ಕಿನಿಂದ ಎಂದು ಮಗನ ಪುಸ್ತಕದಲ್ಲಿ ಓದಿದಾಗ ನಂಬಿಕೆಯೇ ಬರಲಿಲ್ಲ. ನಮ್ಮ ಧೂಳೂ ಅದೇ ಅಲ್ವಾ? ಮಳೆ ಬರದಿದ್ದರೆ ರಸ್ತೆ ಪಕ್ಕದ ಬೇವಿನ ಎಲೆ, ಮನೆ ಚಾವಣಿ, ಒಣಹಾಕಿದ ಅಂಗಿ, ಎಲ್ಲಾ ಕೆಂಪು. ಬೇಸಿಗೆಯಲ್ಲಿ ಗಾಳಿ ಎದ್ದು ಧೂಳು ಮೇಲೆ ಹೋದರೆ ಮಧ್ಯಾಹ್ನದ ಸೂರ್ಯನೂ ಬೆಳ್ಳಗೆ ಮಂಕಾಗಿ ಕಾಣುತ್ತಾನೆ, ಆಕಾಶ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಆ ದಿನ ಮಕ್ಕಳನ್ನು ಹೊರಗೆ ನಿಲ್ಲಿಸಿ ಆಕಾಶ ತೋರಿಸಿ. ಅಂಗಡಿಯ ಬಣ್ಣದ ಕಾರ್ಡಿಗಿಂತ ಅದು ಚೆನ್ನಾಗಿ ಹೇಳುತ್ತದೆ.

ಇನ್ನೊಂದು ಮಾತು. ಒಳ್ಳೆಯ ಅದಿರಿನ ಗಟ್ಟಿ ತುಂಡು ಕೆಂಪಾಗಿರುವುದಿಲ್ಲ. ಉಕ್ಕಿನ ಹಾಗೆ ಬೂದು, ಕಪ್ಪು. ಒರೆದರೆ, ಪುಡಿ ಮಾಡಿದರೆ ಮಾತ್ರ ರಕ್ತದ ಕೆಂಪು. ಹಾಗಾಗಿ ಮಂಗಳದಲ್ಲಿ ಎಲ್ಲಾ ಕಲ್ಲಿಗೂ ಕೆಂಪು ಬಳಿಯಬೇಡಿ. ಕೆಂಪು ಇರುವುದು ಧೂಳಿನಲ್ಲಿ.

ಬಳ್ಳಾರಿ ಎಂಎಸ್ಸಿ

ಅಣ್ಣ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಆಪರ್ಚುನಿಟಿ ರೋವರ್ 2004ರಲ್ಲಿ ಮಂಗಳದ ಮೆರಿಡಿಯಾನಿ ಬಯಲಿನಲ್ಲಿ ಇಳಿದಾಗ ನೆಲದ ತುಂಬ ಸಣ್ಣ ಸಣ್ಣ ಗುಂಡುಗಳು ಕಂಡವು, ಕೆಲವು ಮಿಲಿಮೀಟರ್ ಗಾತ್ರ. ಅವು ಹೆಮಟೈಟ್, ನಿಮ್ಮ ಸಂಡೂರಿನ ಅದಿರಿನ ಖನಿಜವೇ. ಬಣ್ಣ ಬೂದು. ಅವಕ್ಕೆ ಬ್ಲೂಬೆರಿ (ನೀಲಿ ಬಣ್ಣದ ಒಂದು ಸಣ್ಣ ಹಣ್ಣು) ಎಂದು ಹೆಸರು ಇಟ್ಟರು. ವ್ಯತ್ಯಾಸ ಎದ್ದು ಕಾಣಲಿ ಎಂದು ಬಣ್ಣ ಹೆಚ್ಚಿಸಿದ ಚಿತ್ರಗಳಲ್ಲಿ ಅವು ನೀಲಿಯಾಗಿ ಕಾಣುತ್ತವೆ. ಅಲ್ಲಿ ಹಿಂದೆ ನೀರಿತ್ತು ಎನ್ನುವುದಕ್ಕೆ ಆ ಗುಂಡುಗಳೇ ಒಂದು ಸಾಕ್ಷಿ.

ಮೇಷ್ಟ್ರೇ, ಮುಂದಿನ ನೆಲದಲ್ಲಿ ರಾಗಿ ಕಾಳಿನ ಹಾಗೆ ಬೂದು ಚುಕ್ಕೆ ಇಡಿಸಿ. ಗೊತ್ತಿದ್ದವರು ನೋಡಿ ಖುಷಿಪಡುತ್ತಾರೆ.

ಗಂಗಾವತಿ ಗದ್ದೆ

ಒಂದು ಮಾತು ಹೇಳಬಹುದಾ? ಎಲ್ಲರೂ ಸರಿ ತಪ್ಪು ಎನ್ನುತ್ತಿದ್ದೀರಿ. ಮಕ್ಕಳು ಬರೆಯುವ ಚಿತ್ರ ಅದು. ಹಿರೇಬೆಣಕಲ್ ಗುಡ್ಡದಲ್ಲಿ ಕಲ್ಲಿನ ಆಸರೆಯಲ್ಲಿ ಕೆಂಪು ಬಣ್ಣದ ಹಳೇ ಚಿತ್ರಗಳಿವೆ, ಸಾವಿರಾರು ವರ್ಷದ ಹಿಂದಿನವು. ಅಲ್ಲಿನ ಪ್ರಾಣಿಗಳ ಕಾಲಿನ ಅಳತೆ ಯಾರಾದರೂ ಹಿಡಿದು ನೋಡಿದ್ದಾರಾ? ನೋಡಿದ ಕೂಡಲೇ ಮನಸ್ಸಿಗೆ ತಟ್ಟುತ್ತದೆ, ಅಷ್ಟೇ ಸಾಕು. ಮಗುವಿಗೆ ಹಸಿರು ಆಕಾಶ ಬೇಕೆಂದರೆ ಹಚ್ಚಲಿ ಬಿಡಿ. ನಮ್ಮ ನವಗ್ರಹ ಗುಡಿಯಲ್ಲಿ ಶನಿ ಕಪ್ಪು, ಬುಧ ಹಸಿರು, ಗುರು ಹಳದಿ. ಅದನ್ನೂ ತಪ್ಪು ಎನ್ನುತ್ತೀರಾ?

ರಾಯಚೂರು ದುರ್ಬೀನು

ಗದ್ದೆಯವರೇ, ನಿಮ್ಮ ಮಾತಿಗೆ ಗೌರವ ಕೊಟ್ಟೇ ನಾನು ಒಪ್ಪುವುದಿಲ್ಲ. ಆ ಗುಡ್ಡದ ಚಿತ್ರ ಬರೆದವನು ತಾನು ದಿನಾ ನೋಡಿದ್ದನ್ನು ಬರೆದ. ಓಡುವ ಜಿಂಕೆ ಹೇಗೆ ಬಾಗುತ್ತದೆ ಎಂದು ಅವನಿಗೆ ಗೊತ್ತಿತ್ತು, ಅದಕ್ಕೇ ತಟ್ಟುತ್ತದೆ. ಮಂಗಳನನ್ನು ಹಿರಿಯರು ಅಂಗಾರಕ ಎಂದು ಕರೆದು ಕೆಂಪು ಕೊಟ್ಟಿದ್ದು ರಾತ್ರಿ ಆಕಾಶದಲ್ಲಿ ಅವನು ಕೆಂಡದ ಹಾಗೆ ಕಾಣುವುದರಿಂದ. ಅವರು ನೋಡಿದ್ದಾರೆ. ಈ ಮಕ್ಕಳೂ "ಅಲ್ಲಿ ನಿಂತರೆ ಏನು ಕಾಣುತ್ತದೆ" ಎಂದು ತಾವೇ ಕೇಳಿದ್ದಾರೆ. ಹಾಗೆ ಕೇಳಿದ ಮಗುವಿಗೆ ನೋಡುವುದನ್ನು ಕಲಿಸಬೇಕು. ಹಸಿರು ಹಚ್ಚು ಎನ್ನುವುದು ಅದರ ಪ್ರಶ್ನೆಗೆ ಉತ್ತರ ಅಲ್ಲ.

ಚಂದ್ರನ ವಿಷಯ ಹೇಳುತ್ತೇನೆ. ಅಮೆರಿಕದಲ್ಲಿ ಚೆಸ್ಲಿ ಬೋನ್‌ಸ್ಟೆಲ್ ಎಂಬ ಬಹಳ ದೊಡ್ಡ ಕಲಾವಿದರಿದ್ದರು, 1888ರಲ್ಲಿ ಹುಟ್ಟಿ 1986ರಲ್ಲಿ ತೀರಿಕೊಂಡರು. ಮನುಷ್ಯ ಹೋಗುವ ಮೊದಲೇ ಚಂದ್ರನ ನೆಲ ಹೇಗಿರುತ್ತದೆ ಎಂದು ಫೋಟೋದಷ್ಟು ನಯವಾಗಿ ಬರೆದು ತೋರಿಸಿದವರು. ಅವರ ಚಂದ್ರನಲ್ಲಿ ಬೆಟ್ಟಗಳು ಗರಗಸದ ಹಲ್ಲಿನ ಹಾಗೆ ಚೂಪು. ಗಾಳಿ ಮಳೆ ಇಲ್ಲದ ಕಡೆ ಬೆಟ್ಟ ಸವೆಯುವುದಿಲ್ಲ ಎಂದು ಬಹಳ ಜನ ನಂಬಿದ್ದ ಕಾಲ ಅದು. ಅವರಿಗಿಂತ ಮೊದಲು ಫ್ರಾನ್ಸಿನಲ್ಲಿ ಲೂಸಿಯನ್ ರೂಡೋ ಎಂಬುವರಿದ್ದರು. ಅವರು ಚಿತ್ರಕಾರರೂ ಹೌದು, ದುರ್ಬೀನು ಹಿಡಿದು ಆಕಾಶ ನೋಡುವವರೂ ಹೌದು. ಚಂದ್ರನ ಅಂಚಿನಲ್ಲಿ ಕಾಣುವ ಬೆಟ್ಟಗಳ ಗೆರೆಯನ್ನು ಗಮನಿಸಿ, ಅವು ದುಂಡಗಿವೆ ಎಂದು ದುಂಡಗೇ ಬರೆದರು. ಅಪೋಲೊದವರು ಹೋಗಿ ನೋಡಿದಾಗ ರೂಡೋ ಬರೆದ ಹಾಗೇ ಇತ್ತು. ಕೋಟಿ ಕೋಟಿ ವರ್ಷ ಸಣ್ಣ ಉಲ್ಕೆಗಳು ಬಿದ್ದು ಬಿದ್ದು ಬೆಟ್ಟದ ಮೂಲೆಗಳನ್ನು ಉಜ್ಜಿ ಹಾಕಿವೆ.

ನಾನು ನಮ್ಮ ಮಾಳಿಗೆ ಮೇಲೆ ಸಣ್ಣ ದುರ್ಬೀನಿನಲ್ಲಿ ಅದೇ ಅಂಚನ್ನು ಎಷ್ಟೋ ಸಲ ನೋಡಿದ್ದೇನೆ. ನಿಜವಾಗಿಯೂ ದುಂಡಗೇ ಕಾಣುತ್ತದೆ. ಅಂದರೆ ಉತ್ತರ ಮೊದಲಿನಿಂದಲೂ ಕಣ್ಣೆದುರಿಗೇ ಇತ್ತು. ಗೆಲಿಲಿಯೋ 1609ರಲ್ಲಿ ಚಂದ್ರನನ್ನು ನೋಡಿ ಕಂದು ಮಸಿಯಲ್ಲಿ ಚಿತ್ರ ಬರೆದ. ನೆರಳು ಬರೆಯಲು ಕಲಿತ ಕೈ ಅವನದು. ಹಾಗಾಗಿ ಆ ಕಪ್ಪು ಕಲೆಗಳು ಬೆಟ್ಟದ ನೆರಳು ಎಂದು ಅವನಿಗೆ ಹೊಳೆಯಿತು.

ಡ್ರಾಯಿಂಗ್ ಮಾಸ್ತರ, ಕೊಪ್ಪಳ

ಸರ್, ನಿಮ್ಮ ಈ ಬರಹವನ್ನು ಕ್ಲಾಸಿನಲ್ಲಿ ಓದಿ ಹೇಳಿದೆ. ಅಂದರೆ ನನ್ನ ಹಳೇ ಗೋಡೆಯಲ್ಲಿ ಇದ್ದದ್ದು ಬೋನ್‌ಸ್ಟೆಲ್ ಬೆಟ್ಟಗಳು. ಎಲ್ಲೋ ನೋಡಿದ ಚಿತ್ರದಿಂದ ಕೈಗೆ ಬಂದಿದ್ದವು.

ಈಗ ಮಕ್ಕಳು ಚಂದ್ರನ ಮೇಲೆ ನಮ್ಮ ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ್ ಮತ್ತು ರೋವರ್ ಪ್ರಗ್ಯಾನ್ ಬರೆಯಬೇಕು ಎನ್ನುತ್ತಿದ್ದಾರೆ. ಬೆಳಕು ಯಾವ ಕಡೆಯಿಂದ ಬರಬೇಕು, ಭೂಮಿಯನ್ನು ಎಲ್ಲಿ ಇಡಬೇಕು, ಎಷ್ಟು ದೊಡ್ಡದು?

ರಾಯಚೂರು ದುರ್ಬೀನು

ಇದು ನನಗೆ ಬಹಳ ಇಷ್ಟದ ಪ್ರಶ್ನೆ. 2023ರ ಆಗಸ್ಟ್ 23ರ ಸಂಜೆ ವಿಕ್ರಮ್ ಇಳಿದ ಜಾಗ ಚಂದ್ರನ ದಕ್ಷಿಣದಲ್ಲಿ ಸುಮಾರು 69 ಡಿಗ್ರಿ ಅಕ್ಷಾಂಶ. ಅಷ್ಟು ದಕ್ಷಿಣಕ್ಕೆ ಹೋದರೆ ಮಧ್ಯಾಹ್ನವೂ ಸೂರ್ಯ ದಿಗಂತದಿಂದ 21 ಡಿಗ್ರಿ ಆಸುಪಾಸಿಗಿಂತ ಮೇಲೆ ಬರುವುದಿಲ್ಲ. ಹಾಗಾಗಿ ಯಾವ ವಸ್ತು ಬರೆದರೂ ಅದರ ಎತ್ತರದ ಎರಡೂವರೆ ಪಟ್ಟಿಗಿಂತ ಉದ್ದದ ನೆರಳು ಬರೆಯಿರಿ. ನೆರಳು ಕಡುಕಪ್ಪು, ಅಂಚು ಚಾಕುವಿನಿಂದ ಕತ್ತರಿಸಿದ ಹಾಗೆ.

ಭೂಮಿ ಅಲ್ಲಿಂದ ನಮಗೆ ಚಂದ್ರ ಕಾಣುವುದಕ್ಕಿಂತ ಸುಮಾರು ಮೂರೂವರೆ ಪಟ್ಟು ಅಗಲ. ಕೈ ಚಾಚಿ ಹೆಬ್ಬೆರಳು ಎತ್ತಿದರೆ ಅದರ ಅಗಲ. ವಿಕ್ರಮ್ ಇರುವಲ್ಲಿಂದ ಭೂಮಿ ಉತ್ತರದ ಕಡೆ ತಗ್ಗಿನಲ್ಲೇ, ದಿಗಂತದಿಂದ ಸುಮಾರು 17 ಡಿಗ್ರಿ ಮೇಲೆ, ಹೆಚ್ಚು ಕಡಿಮೆ ಒಂದೇ ಜಾಗದಲ್ಲಿ ನಿಂತಿರುತ್ತದೆ. ಮೂಡುವುದೂ ಇಲ್ಲ, ಮುಳುಗುವುದೂ ಇಲ್ಲ. ನಕ್ಷತ್ರ ಬೇಡ. ಬಿಸಿಲಿಗೆ ಹೊಂದಿಸಿದ ಕ್ಯಾಮೆರಾದಲ್ಲಿ ನಕ್ಷತ್ರದ ಮಂಕು ಬೆಳಕು ಬೀಳುವುದಿಲ್ಲ.

ಮುಖ್ಯವಾದದ್ದು ಇನ್ನೊಂದು. ಆನೆಗೊಂದಿಯಿಂದ ನೋಡಿದರೆ ಹತ್ತಿರದ ಗುಡ್ಡ ಕಂದು, ಅದರ ಹಿಂದಿನದು ಬೂದು, ಇನ್ನೂ ಹಿಂದಿನದು ನೀಲಿ. ಅದು ಗಾಳಿಯ ಕೆಲಸ. ಚಂದ್ರನಲ್ಲಿ ಗಾಳಿ ಇಲ್ಲ, ಹತ್ತು ಕಿಲೋಮೀಟರ್ ಆಚೆಯ ಬೆಟ್ಟವೂ ಎದುರಿನ ಕಲ್ಲಿನಷ್ಟೇ ಸ್ಪಷ್ಟ. ಅಪೋಲೊ 14ರ ಇಬ್ಬರು 1971ರಲ್ಲಿ ಒಂದು ದೊಡ್ಡ ಕುಳಿಯ ಅಂಚು ಹುಡುಕಿ ನಡೆದರು. ದೂರ ಅಂದಾಜು ಸಿಗದೆ, ಅಂಚಿನ ತೀರ ಹತ್ತಿರ ಹೋಗಿಯೂ ಅದನ್ನು ಕಾಣದೆ ವಾಪಸ್ ಬಂದರು. ಚಿತ್ರದಲ್ಲಿ ನೀಲಿ ಮಂಜು ಹಾಕದೆ ದೂರ ತೋರಿಸುವುದು ಕಷ್ಟ, ಆದರೆ ಆ ಕಷ್ಟವೇ ಚಂದ್ರ.

ಕಿನ್ನಾಳ ಬಣ್ಣ

ನಮ್ಮದು ಗೊಂಬೆ ಮಾಡುವ ಮನೆ. ಹಗುರ ಮರ, ಕಿಟ್ಟ, ಹುಣಸೆ ಬೀಜದ ಅಂಟು, ಇದರಲ್ಲೇ ಬೆಳೆದವನು. ಚಂದ್ರಯಾನ ಇಳಿದ ವರ್ಷ ನಾನು ಪ್ರಗ್ಯಾನ್ ಗೊಂಬೆ ಮಾಡಿದೆ. ಮೊದಲು ಎತ್ತಿನ ಬಂಡಿ ಮಾಡುವ ಹಾಗೆ ಆರು ಗಾಲಿಗೂ ನೇರ ಅಚ್ಚು ಹಾಕಿದ್ದೆ. ಕಲ್ಲಿನ ಮೇಲೆ ಇಟ್ಟರೆ ಎರಡು ಗಾಲಿ ಮೇಲೆ ಎದ್ದು ನಿಲ್ಲುತ್ತಿದ್ದವು. ಆಮೇಲೆ ಫೋಟೋ ಇಟ್ಟುಕೊಂಡು ನೋಡಿದೆ. ಪಕ್ಕದಲ್ಲಿ ಎರಡು ತೋಳು, ಒಂದಕ್ಕೊಂದು ಕೀಲು. ಒಂದು ಗಾಲಿ ಕಲ್ಲು ಹತ್ತಿದರೆ ತೋಳು ತಿರುಗಿ ಉಳಿದ ಗಾಲಿಗಳು ನೆಲದಲ್ಲೇ ಇರುತ್ತವೆ. ಅದನ್ನು ಮರದಲ್ಲಿ ಮಾಡಿದ ಮೇಲೆಯೇ ಯಂತ್ರ ನನಗೆ ಅರ್ಥವಾಗಿದ್ದು. ಮಾಸ್ತರೇ, ಮಕ್ಕಳು ರೋವರ್ ಬರೆಯುವ ಮುಂಚೆ ಕಡ್ಡಿ, ಬಾಟಲಿ ಮುಚ್ಚಳದಲ್ಲಿ ಒಂದು ಮಾಡಲಿ. ಗಾಲಿ ಎಲ್ಲಿ ಸೇರುತ್ತದೆ ಎಂದು ಕೈಗೆ ತಿಳಿದರೆ ಬ್ರಷ್ ತಾನೇ ಸರಿ ಹೋಗುತ್ತದೆ.

ಬಂಗಾರದ ಬಣ್ಣದ ಬಗ್ಗೆಯೂ ಹೇಳಬೇಕು. ಲ್ಯಾಂಡರಿಗೆ ಸುತ್ತಿದ್ದು ಬಂಗಾರ ಅಲ್ಲ. ಜೇನು ಬಣ್ಣದ ತೆಳು ಪ್ಲಾಸ್ಟಿಕ್ ಹಾಳೆ, ಒಳಮೈಗೆ ಅಲ್ಯೂಮಿನಿಯಂ. ಬಿಸಿ, ಥಂಡಿ ತಡೆಯಲು ಪದರ ಪದರವಾಗಿ ಸುತ್ತುತ್ತಾರೆ. ಡಬ್ಬಿಯ ಗೋಲ್ಡ್ ಪೇಂಟ್ ಹಚ್ಚಿದರೆ ರಥದ ಕಳಶ ಆಗಿಬಿಡುತ್ತದೆ. ಜೇನು ಬಣ್ಣ ಹಚ್ಚಿ, ಸುಕ್ಕು ಇದ್ದಲ್ಲಿ ಬಿಳಿ ಗೆರೆ ಎಳೆಯಿರಿ, ಹಾಳೆ ಹೊಳೆಯುತ್ತದೆ.

ಮತ್ತೆ, ನಮ್ಮ ಜನ ಅತಿ ಹೆಚ್ಚು ಸಲ ಕೈಯಲ್ಲಿ ಹಿಡಿದ ಬಾಹ್ಯಾಕಾಶದ ಚಿತ್ರ ಯಾವುದು ಹೇಳಿ? ಹಳೇ ಎರಡು ರೂಪಾಯಿ ನೋಟಿನ ಹಿಂದೆ ಆರ್ಯಭಟ ಉಪಗ್ರಹ, ಆಮೇಲೆ ಎರಡು ಸಾವಿರದ ನೋಟಿನ ಹಿಂದೆ ಮಂಗಳಯಾನ. ನಮ್ಮಪ್ಪ ಸಂತೆಯಲ್ಲಿ ಗೊಂಬೆ ಮಾರಿ ಎರಡು ರೂಪಾಯಿ ಎಣಿಸುವಾಗ ಆ ಮೂಲೆ ಮೂಲೆಯ ಡಬ್ಬಿ ಏನು ಎಂದು ನಾನು ಕೇಳುತ್ತಿದ್ದೆ.

ಸಿಂಧನೂರು ಅಮ್ಮ

ನಾನು ಓದುತ್ತಾ ಬಂದೆ, ಒಂದು ಚಿಂತೆ ಹೇಳಿಕೊಳ್ಳುತ್ತೇನೆ. ಚಂದ್ರಯಾನ ಇಳಿದ ಸಮಯದಲ್ಲಿ ಚಂದ್ರನ ಮಣ್ಣಿನಲ್ಲಿ ಅಶೋಕ ಲಾಂಛನ ಅಚ್ಚೊತ್ತಿದ ಒಂದು ಚಿತ್ರ ವಾಟ್ಸಾಪಿನಲ್ಲಿ ಎಲ್ಲರಿಗೂ ಬಂತು. ನನ್ನ ಮಗಳು ಅದನ್ನು ನೋಡಿ ಕುಣಿದಾಡಿದಳು. ಕೆಲವು ದಿನಕ್ಕೆ ಅದು ಕಲಾವಿದರೊಬ್ಬರು ಮಾಡಿದ ಚಿತ್ರ, ಫೋಟೋ ಅಲ್ಲ ಎಂದು ಗೊತ್ತಾಯಿತು. ಆಮೇಲೆ ಅವಳು ಯಾವ ಫೋಟೋ ತೋರಿಸಿದರೂ "ಇದೂ ಬರೆದಿದ್ದಾ ಅಮ್ಮ?" ಎಂದು ಕೇಳುತ್ತಾಳೆ. ಚಿತ್ರ ಬರೆದವರ ತಪ್ಪಲ್ಲ, ಅವರು ಪ್ರೀತಿಯಿಂದ ಬರೆದರು. ಫೋಟೋ ಎಂದು ಹಂಚಿದ್ದು ತಪ್ಪು. ಆದರೆ ಮಗುವಿಗೆ ಏನು ಹೇಳಲಿ?

ಬಳ್ಳಾರಿ ಎಂಎಸ್ಸಿ

ಅಕ್ಕ, ಮಗಳ ಪ್ರಶ್ನೆ ಒಳ್ಳೆಯದು, ಅವಳು ಕೇಳುತ್ತಲೇ ಇರಲಿ. ಅವಳಿಗೆ ಈ ಕಥೆ ಹೇಳಿ.

1965ರ ಜುಲೈನಲ್ಲಿ ಮರೈನರ್ 4 ಮಂಗಳದ ಪಕ್ಕದಲ್ಲಿ ಹಾದುಹೋಗುತ್ತಾ ಮೊದಲ ಬಾರಿಗೆ ಹತ್ತಿರದ ಫೋಟೋ ತೆಗೆಯಿತು. ಒಂದು ಫೋಟೋ ಎಂದರೆ ಅಡ್ಡ 200, ಉದ್ದ 200 ಚುಕ್ಕೆ, ಒಟ್ಟು 40,000. ಪ್ರತಿ ಚುಕ್ಕೆಗೂ 0ಯಿಂದ 63ರ ಒಳಗೆ ಒಂದು ಅಂಕಿ, ಎಷ್ಟು ಬೆಳಕು ಎಷ್ಟು ಕತ್ತಲೆ ಎಂದು. ಸೆಕೆಂಡಿಗೆ ಎಂಟೇ ಬಿಟ್ ಚಿಲ್ಲರೆ ಬರುತ್ತಿತ್ತು. ಒಂದು ಚಿತ್ರ ಭೂಮಿಗೆ ಬರಲು ಎಂಟು ಗಂಟೆ ಬೇಕು. ಕಂಪ್ಯೂಟರಿನಲ್ಲಿ ಚಿತ್ರವಾಗುವ ತನಕ ಕಾಯಲು ಎಂಜಿನಿಯರುಗಳಿಗೆ ಆಗಲಿಲ್ಲ, ಯಂತ್ರದೊಳಗಿನ ಟೇಪ್ ರೆಕಾರ್ಡರ್ ಕೆಲಸ ಮಾಡಿದೆಯೋ ಇಲ್ಲವೋ ಎಂಬ ಭಯ ಬೇರೆ. ಅಂಕಿಗಳನ್ನು ಉದ್ದ ಕಾಗದದ ಪಟ್ಟಿಯಲ್ಲಿ ಅಚ್ಚು ಹಾಕಿ, ಪಟ್ಟಿಗಳನ್ನು ಪಕ್ಕ ಪಕ್ಕ ಹಲಗೆಗೆ ಸ್ಟೇಪ್ಲರ್ ಹೊಡೆದರು. ಚಿತ್ರಕಲೆ ಸಾಮಾನಿನ ಅಂಗಡಿಯಿಂದ ಪೇಸ್ಟಲ್ ತಂದರು. ಇಷ್ಟರಿಂದ ಇಷ್ಟು ಅಂಕಿಗೆ ಕಂದು, ಇಷ್ಟಕ್ಕೆ ಕೆಂಪು, ಇಷ್ಟಕ್ಕೆ ಹಳದಿ ಎಂದು ಗೊತ್ತು ಮಾಡಿಕೊಂಡು ಕೈಯಿಂದಲೇ ತುಂಬಿದರು. ಅಂಕಿಗಳ ಮೇಲೆ ಮಂಗಳದ ಅಂಚು ಮೂಡಿತು. ಆ ಹಲಗೆ ಈಗಲೂ ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಇದೆ.

ಈಗ ಮಗಳನ್ನು ಕೇಳಿ, ಅದು ಫೋಟೋನಾ, ಬರೆದಿದ್ದಾ? ಬಣ್ಣ ಅವರು ಆರಿಸಿದ್ದು, ಆಕಾರ ಮಂಗಳದ್ದು. ಹಾಗೇ ಶುಕ್ರನ ರೇಡಾರ್ ಚಿತ್ರಗಳನ್ನೂ ತೋರಿಸಿ. ಮೆಜೆಲ್ಲನ್ ಯಂತ್ರ ಮೇಲಿನಿಂದ ಮೋಡವನ್ನು ತೂರಿ ಅಳೆದ ಬೆಟ್ಟಗಳು ನಿಜ. ಆದರೆ ಕೆಲವು ಚಿತ್ರಗಳಲ್ಲಿ ಎತ್ತರವನ್ನು 20 ಪಟ್ಟಿಗೂ ಜಾಸ್ತಿ ಎಳೆದಿದ್ದಾರೆ, ಚಪ್ಪಟೆ ಗುಡ್ಡ ಶಿಖರದ ಹಾಗೆ ಕಾಣುತ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ನಾವು ಓದುವುದಿಲ್ಲ. ಗೋಡೆಯ ಪ್ರತಿ ಚಿತ್ರದ ಕೆಳಗೂ ಯಾವುದು ಯಂತ್ರ ನೋಡಿದ್ದು, ಯಾವುದು ನಾವು ಊಹಿಸಿದ್ದು ಎಂದು ಮಕ್ಕಳ ಕೈಯಲ್ಲೇ ಬರೆಸಬೇಕು ಸರ್. ಇದು ನನ್ನ ಒತ್ತಾಯ.

ಗಂಗಾವತಿ ಗದ್ದೆ

ಈ ಮಾತು ಒಪ್ಪಿದೆ. ಊಹೆಗೆ ಜಾಗ ಇದೆ ಎಂದಾಯಿತಲ್ಲ, ನನಗೆ ಅಷ್ಟೇ ಬೇಕಿತ್ತು. ಅಂಕಿಗೆ ಬಣ್ಣ ತುಂಬುವುದನ್ನು ನಮ್ಮ ಮನೆ ಹುಡುಗರ ಕೈಯಲ್ಲಿ ಮಾಡಿಸುತ್ತೇನೆ, 20ಕ್ಕೆ 20 ಚೌಕ ಹಾಕಿ.

ಟೈಟನ್ ಹೇಗೆ ಬರೆಯುತ್ತೀರಿ? ಅದನ್ನು ಯಾರೂ ಹೇಳಲೇ ಇಲ್ಲ.

ರಾಯಚೂರು ದುರ್ಬೀನು

ಟೈಟನ್ ಬರೆಯುವವರಿಗೆ ದೊಡ್ಡ ಪರೀಕ್ಷೆ. ಬೋನ್‌ಸ್ಟೆಲ್ 1944ರಲ್ಲಿ ಟೈಟನ್‌ನಿಂದ ಕಾಣುವ ಶನಿಯನ್ನು ಬರೆದರು. ನೀಲಿ ಆಕಾಶ, ಹಿಮದ ಬಂಡೆ, ಮಧ್ಯೆ ಬಳೆ ತೊಟ್ಟ ಶನಿ. ಅದನ್ನು ನೋಡಿ ಎಷ್ಟೋ ಹುಡುಗರು ವಿಜ್ಞಾನಕ್ಕೆ ಬಂದರು. ಆದರೆ 2005ರ ಜನವರಿ 14ರಂದು ಹೈಗನ್ಸ್ ನೌಕೆ ಅಲ್ಲಿ ಇಳಿದಾಗ ಕಂಡದ್ದು ಕಿತ್ತಳೆ ಬಣ್ಣದ ದಟ್ಟ ಮಬ್ಬು. ಅಲ್ಲಿ ನಿಂತರೆ ಕಣ್ಣಿಗೆ ಶನಿ ಕಾಣುವುದೇ ಇಲ್ಲ. ಮಬ್ಬು ಇಲ್ಲದಿದ್ದರೂ ಟೈಟನ್ ಬಳೆಗಳ ಮಟ್ಟದಲ್ಲೇ ಸುತ್ತುವುದರಿಂದ ಬಳೆ ಒಂದು ತೆಳು ಗೆರೆಯಾಗಿ ಕಾಣುತ್ತಿತ್ತು. ಶನಿಯ ಅಗಲ ಕೈ ಚಾಚಿದರೆ ಮೂರು ಬೆರಳು.

ನೆಲದಲ್ಲಿ ಏನು ಕಂಡಿತು ಗೊತ್ತಾ? ದುಂಡಗಿನ ಕಲ್ಲುಗಳು, ತುಂಗಭದ್ರೆಯ ದಂಡೆಯಲ್ಲಿ ಸಿಗುತ್ತವಲ್ಲ, ಹಾಗೆ. ಅವು ನೀರಿನ ಮಂಜುಗಡ್ಡೆ. ಅಲ್ಲಿನ ಥಂಡಿ ಸೊನ್ನೆಗಿಂತ ಸುಮಾರು 180 ಡಿಗ್ರಿ ಕೆಳಗೆ, ಮಂಜು ಕಲ್ಲಿನಷ್ಟು ಗಟ್ಟಿ. ಅಲ್ಲಿ ಹರಿಯುವುದು ದ್ರವ ಮೀಥೇನ್. ಅದು ಉರುಳಿಸಿ ಉರುಳಿಸಿ ದುಂಡಗೆ ಮಾಡಿದೆ. ನದಿ ಮಾಡುವ ಕೆಲಸ ಎರಡೂ ಕಡೆ ಒಂದೇ.

ಡ್ರಾಯಿಂಗ್ ಮಾಸ್ತರ, ಕೊಪ್ಪಳ

ಹದಿನೈದು ದಿನ ಬರೆಯಲು ಆಗಲಿಲ್ಲ, ಕ್ಷಮಿಸಿ. ಗೋಡೆ ಅರ್ಧ ಮುಗಿದಿದೆ.

ಸಂಡೂರಿನ ಅಣ್ಣ ಒಂದು ಚೀಲ ಕೆಂಪು ಪುಡಿ ಕಳಿಸಿದ್ದರು. ನಾವು ಅದನ್ನು ಜರಡಿ ಹಿಡಿದು, ಫೆವಿಕಾಲ್ ನೀರಿನಲ್ಲಿ ಕಲಸಿ ಮಂಗಳದ ನೆಲಕ್ಕೆ ಹಚ್ಚಿದೆವು. ಒಬ್ಬ ಹುಡುಗನ ಅಜ್ಜಿ ನೋಡಲು ಬಂದು, "ಇದು ನಮ್ಮ ಹೊಸ್ತಿಲಿಗೆ ಬಳಿಯುವ ಜಾಜು ಅಲ್ಲೇನಪ್ಪ" ಎಂದರು. ಹೌದಜ್ಜಿ, ಅದೇ ಜಾತಿಯದು ಎಂದೆ. ಅವರು ಬಹಳ ಹೊತ್ತು ನಿಂತು ನೋಡಿದರು. ಬೂದು ಚುಕ್ಕೆ ಇಡಲು ಎರಡು ಇಡೀ ದಿನ ಹಿಡಿಯಿತು, ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ಚಂದ್ರನಿಗೆ ಬೆಳಕು ತಿಳಿಯಲು ಮೈದಾನದಲ್ಲಿ ಬೂದಿ ಹರಡಿ, ಕಲ್ಲು ಎಸೆದು ಕುಳಿ ಮಾಡಿ, ಸಂಜೆ ಬಿಸಿಲಿನಲ್ಲಿ ನೆರಳು ನೋಡಿ ಬರೆದೆವು. ಇಸ್ರೋದವರೂ ಲ್ಯಾಂಡರಿನ ಸೆನ್ಸರ್ ಪರೀಕ್ಷೆಗೆ ಚಳ್ಳಕೆರೆಯ ಹತ್ತಿರ ನೆಲದಲ್ಲಿ ಕುಳಿ ತೋಡಿಸಿದ್ದರು ಎಂದು ಹೇಳಿದಾಗ ಮಕ್ಕಳ ಮುಖ ನೋಡಬೇಕಿತ್ತು. ಅದು ನಮ್ಮ ಚಿತ್ರದುರ್ಗ ಜಿಲ್ಲೆಯೇ ಅಲ್ವಾ.

ಟೈಟನ್‌ನಲ್ಲಿ ಮಾತ್ರ ಒಮ್ಮತ ಆಗಿಲ್ಲ. ಒಂಬತ್ತು ಮಕ್ಕಳು ಬರೀ ಕಿತ್ತಳೆ ಮಬ್ಬು ಸಾಕು ಎನ್ನುತ್ತಾರೆ. ಒಬ್ಬಳು, ಮೊದಲ ದಿನ ನೀಲಿ ಎಂದವಳೇ, "ಶನಿ ಕಾಣದಿದ್ದರೂ ಅಲ್ಲಿ ಇದೆಯಲ್ಲ ಸರ್" ಎನ್ನುತ್ತಾಳೆ. ಮಬ್ಬಿನ ಹಿಂದೆ ಮೂರು ಬೆರಳಗಲ, ಒಂದು ತೆಳು ಗೆರೆಯ ಬಳೆ, ಒಂದೇ ಛಾಯೆ ಗಾಢವಾಗಿ ಬರೆದು, ಕೆಳಗೆ "ಇದು ಊಹೆ" ಎಂದು ಬರೆಯುತ್ತಾಳಂತೆ. ನಾನು ಹೂಂ ಎಂದಿದ್ದೇನೆ. ದುರ್ಬೀನಿನವರು ಬೇಡ ಎಂದರೆ ಈಗಲೇ ಹೇಳಿಬಿಡಿ.

ರಾಯಚೂರು ದುರ್ಬೀನು

ಬೇಡ ಎನ್ನುವುದಿಲ್ಲ. ಗೆರೆ ಅಡ್ಡವಾಗಿ ನೇರ ಇರಲಿ, ವಾಲಬಾರದು.

ಬಳ್ಳಾರಿ ಎಂಎಸ್ಸಿ

ಸರ್, ಕೊನೆಯ ನಾಲ್ಕು ಅಡಿ ಖಾಲಿ ಇದೆ ಎಂದು ಫೋಟೋದಲ್ಲಿ ನೋಡಿದೆ. ಅಲ್ಲಿ ವಾಯೇಜರ್ ಬರೆಸಿ. 1977ರಲ್ಲಿ ಹೋದ ಆ ಎರಡು ಯಂತ್ರಗಳಲ್ಲಿ ಇಟ್ಟ ಗ್ರಾಮಫೋನ್ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯ ಇದೆ, ಅದರಲ್ಲಿ ಕನ್ನಡವೂ ಒಂದು. ತಟ್ಟೆಯ ಮುಚ್ಚಳದ ಮೇಲೆ ಕೆತ್ತಿದ ಗೆರೆ ಚಿತ್ರಗಳನ್ನು ನಾನು ದೊಡ್ಡದಾಗಿ ಪ್ರಿಂಟ್ ತೆಗೆದು ಕಳಿಸುತ್ತೇನೆ.

ಕಿನ್ನಾಳ ಬಣ್ಣ

ಪ್ರಿಂಟ್ ಶನಿವಾರದೊಳಗೆ ಬರಲಿ ಮೇಡಂ. ಭಾನುವಾರ ಬೆಳಿಗ್ಗೆ ನಾನು ಸಣ್ಣ ಬ್ರಷ್‌ಗಳು ಮತ್ತು ನನ್ನ ಗೊಂಬೆ ರೋವರ್ ತೆಗೆದುಕೊಂಡು ಬರುತ್ತೇನೆ. ಮಾಸ್ತರೇ, ಜೇನು ಬಣ್ಣ ನೀವು ಕಲಸಿಡಬೇಡಿ, ನಾನು ಬಂದ ಮೇಲೆ ಮಕ್ಕಳ ಎದುರಿಗೇ ಕಲಸೋಣ.